ದಂಡದ ಚೀಟಿ ಯಾರ ಹೆಸರಿಗೆ?

ಕಳೆದ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದು ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯಿತು. ಬರೆದವರು ನಿವೃತ್ತ ಉಪಾಧ್ಯಾಯರು. ಅವರ ಹೆಸರಿನಲ್ಲಿರುವ ಕಾರನ್ನು ಊರಿಂದೂರಿಗೆ ಓಡಿಸುವವನು ಮಗ. ವೇಗಮಿತಿ ಮೀರಿದ್ದಕ್ಕೆ ದಂಡ ತೆರಬೇಕೆಂಬ ಸೂಚನೆ ಮಾತ್ರ ತಂದೆಯ ಮೊಬೈಲಿಗೆ ಬಂದಿದೆ. "ಎಪ್ಪತ್ತು ವರ್ಷ ಠಾಣೆಯ ಮೆಟ್ಟಿಲು ಹತ್ತದೆ ಬಾಳಿದವನು ನಾನು. ಈಗ ಅಪರಾಧಿಯಾದೆನೆ? ಹಣ ಕಟ್ಟಿದರೆ ತಪ್ಪನ್ನು ಒಪ್ಪಿಕೊಂಡಂತಾಗುವುದೆ? ಕಟ್ಟದಿದ್ದರೆ ಏನಾಗುವುದು?" ಎಂದು ಅವರು ಕೇಳಿದ್ದಾರೆ. ಕಾಯಿದೆಯ ವಿಷಯ ಈ ಅಂಕಣಕ್ಕೆ ಹೊರತಾದುದೆಂದು ಕೆಲವರಿಗೆ ತೋರಬಹುದು. ಆದರೆ ಇಂತಹುದೇ ಚೀಟಿಯೊಂದು ನಮ್ಮ ಬಂಧುಗಳ ಮನೆಗೂ ಬಂದಿತ್ತು. ಅದರಲ್ಲಿ ನಮ್ಮ ಪಾಲೂ ಇತ್ತು. ಆದಕಾರಣ ಆ ಹಿರಿಯರಿಗೆ ಉತ್ತರಿಸುವ ಮೊದಲು ನಮ್ಮ ಕಥೆಯನ್ನೇ ಹೇಳಿಬಿಡುವುದು ಲೇಸು.

ನಮ್ಮ ತಂಗಿಯ ಮನೆ ಪಣಂಬೂರಿನಲ್ಲಿದೆ. ಭಾವನವರು ಗದಗಿನ ಕಡೆಯವರು. ಉದ್ಯೋಗ ನಿಮಿತ್ತ ಕಡಲ ತೀರಕ್ಕೆ ಬಂದು ಅಲ್ಲಿಯೇ ನೆಲೆನಿಂತರು. 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ನವಮಂಗಳೂರು ಬಂದರು ಘೋಷಿತವಾದ ಮೇಲೆ ಹೀಗೆ ಘಟ್ಟದ ಮೇಲಿನಿಂದ ಇಳಿದು ಬಂದ ಕುಟುಂಬಗಳು ಅಲ್ಲಿ ಅನೇಕ. ಹಿಂದೆ 17ನೆಯ ಸಂಖ್ಯೆಯದಾಗಿದ್ದು ಈಗ 66 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಕೂಳೂರಿನ ಸೇತುವೆ ದಾಟಿ, ರಸಗೊಬ್ಬರ ಕಾರ್ಖಾನೆ, ಬಂದರಿನ ದ್ವಾರ, ಬೈಕಂಪಾಡಿಯ ಕೈಗಾರಿಕಾ ಪ್ರದೇಶಗಳ ಮಗ್ಗುಲಲ್ಲಿ ಸುರತ್ಕಲ್ಲಿನ ಕಡೆಗೆ ಸಾಗುತ್ತದೆ. ಸರಕು ಲಾರಿ, ಅನಿಲದ ಟ್ಯಾಂಕರು, ಉಡುಪಿಯ ಕಡೆಗೆ ಧಾವಿಸುವ ಬಸ್ಸು, ಕಡಲತೀರ ನೋಡಲು ಬಂದವರ ಕಾರು, ಪಾಳಿ ಮುಗಿಸಿ ಮನೆಗೆ ನಡೆದು ಹೋಗುವ ಕಾರ್ಮಿಕ, ಎಲ್ಲರಿಗೂ ಅದೊಂದೇ ದಾರಿ.

2024ರ ಶ್ರಾವಣ ಮಾಸವನ್ನು ನಾವು ಆ ಮನೆಯಲ್ಲಿ ಕಳೆದೆವು. ಮೊದಲ ಸೋಮವಾರ ಮುಂಜಾನೆ ಜಂಗಮರು ದಯಮಾಡಿಸುವವರಿದ್ದರು. ಪೂಜೆಯ ಸಿದ್ಧತೆಯೆಲ್ಲ ಮುಗಿದ ಮೇಲೆ ನೋಡಿದರೆ ಬಿಲ್ವಪತ್ರೆಯೇ ಇಲ್ಲ! ಸುರತ್ಕಲ್ಲಿನಲ್ಲಿ ಪರಿಚಿತರೊಬ್ಬರ ಹಿತ್ತಲಿನಲ್ಲಿ ಬಿಲ್ವದ ಮರವಿತ್ತು. ತಂಗಿಯ ಮಗನಿಗೆ ಆಗ ಹತ್ತೊಂಬತ್ತು ವರ್ಷ. ಚಾಲನಾ ಪರವಾನಗಿ ಕೈಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಹೊರಗೆ ಮಳೆ. ಕಾರಿನ ಕೀಲಿಯನ್ನು ಅವನ ಕೈಗಿತ್ತವರು ನಾವು. "ಸ್ವಾಮಿಗಳು ಬರೂದರೊಳಗ ಬರಬೇಕು. ಹತ್ತು ಮಿನಿಟಿನಾಗ ಬಾ, ಲಗೂನ!" ಎಂದು ಹೇಳಿ ಕಳುಹಿದವರೂ ನಾವೇ. ಹುಡುಗ ಹೋದ, ಪತ್ರೆ ತಂದ. ಪೂಜೆ ಸಾಂಗವಾಗಿ ನೆರವೇರಿತು. ಹೊತ್ತಿಗೆ ಸರಿಯಾಗಿ ಬಂದನೆಂದು ಎಲ್ಲರೂ ಅವನನ್ನು ಹೊಗಳಿದೆವು.

ಹನ್ನೆರಡನೆಯ ದಿನ ಭಾವನವರ ಮೊಬೈಲಿಗೆ ಸೂಚನೆ ಬಂದಿತು. ದಿನಾಂಕ, ವೇಳೆ, ಸ್ಥಳ, ಮಳೆಯಲ್ಲಿ ತೊಯ್ದ ಕಾರಿನ ಭಾವಚಿತ್ರ. ಅನುಮತಿಸಿದ ವೇಗ ಗಂಟೆಗೆ 60 ಕಿಲೋಮೀಟರು, ದಾಖಲಾದ ವೇಗ 81. ದಂಡ ಒಂದು ಸಾವಿರ ರೂಪಾಯಿ.

ಮನೆಯಲ್ಲಿ ಮೊದಲು ಹುಟ್ಟಿದ್ದು ಪಶ್ಚಾತ್ತಾಪವಲ್ಲ, ವಾದ. ಯಂತ್ರ ತಪ್ಪಿರಬಹುದೆಂದು ತಂಗಿ ಹೇಳಿದಳು. ರಸ್ತೆಯ ತುಂಬ ಹೊಂಡಗಳಿರುವಾಗ ದಂಡ ಕೇಳುವ ಅಧಿಕಾರ ಇವರಿಗೆಲ್ಲಿಯದೆಂದು ಭಾವನವರು ಕೇಳಿದರು. ಹುಡುಗ ಮಾತ್ರ, "ಒಂದು ಸಾವಿರ ತಾನೆ ಅಪ್ಪಾಜಿ, ಕಟ್ಟಿಬಿಟ್ಟರೆ ಮುಗೀತು" ಎಂದ. ಈ ಕೊನೆಯ ಮಾತು ನಮಗೆ ಉಳಿದೆರಡಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಒಂದೊಂದನ್ನೂ ವಿಚಾರಿಸಿ ನೋಡುವುದು ನ್ಯಾಯ.

ಯಂತ್ರದ ಮಾತು ಮೊದಲು. ನಮ್ಮ ಮೋಟಾರು ವಾಹನಗಳ ಕಾಯಿದೆ 1988ರದು. 1989ರ ಜುಲೈ 1ರಿಂದ ಜಾರಿಯಲ್ಲಿದೆ. ವೇಗಮಿತಿಯನ್ನು ವಿಧಿಸುವುದು ಅದರ 112ನೆಯ ಕಲಮು, ಮೀರಿದವರಿಗೆ ಶಿಕ್ಷೆ ಹೇಳುವುದು 183ನೆಯ ಕಲಮು. ಈ 183ರಲ್ಲಿ ಸಾಮಾನ್ಯರು ಅರಿಯದ ಒಂದು ರಕ್ಷಣೆಯಿದೆ. ಒಬ್ಬ ಸಾಕ್ಷಿ ತನ್ನ ಕಣ್ಣಂದಾಜಿನಿಂದ 'ಗಾಡಿ ಬಹಳ ವೇಗವಾಗಿತ್ತು' ಎಂದು ಹೇಳಿದ ಮಾತ್ರಕ್ಕೆ ಯಾರನ್ನೂ ಈ ಅಪರಾಧಕ್ಕೆ ಶಿಕ್ಷಿಸುವಂತಿಲ್ಲ. ಅಂದಾಜಿಗೆ ಯಂತ್ರದ ಅಳತೆಯ ಆಧಾರ ಬೇಕು. ವೇಗ ಅಳೆಯುವ ರೇಡಾರ್ ಗನ್ನು ತಾನು ಹೊರಡಿಸಿದ ಅಲೆಯು ಗಾಡಿಗೆ ತಾಗಿ ಮರಳುವಾಗ ಆಗುವ ವ್ಯತ್ಯಾಸದಿಂದ ವೇಗವನ್ನು ಲೆಕ್ಕ ಹಾಕುತ್ತದೆ. ಲೇಸರ್ ಕಿರಣದ್ದು ಹೋಗಿ ಬರುವ ಕಾಲದ ಲೆಕ್ಕ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮವನ್ನು ಸೇರಿಸಿ, ಇಂತಹ ಸಾಧನಗಳಿಗೆ ಅನುಮೋದನೆಯ ಪ್ರಮಾಣಪತ್ರವಿರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಸೂಚನೆಯಲ್ಲಿ ಚಿತ್ರ, ಅಳತೆ, ದಿನಾಂಕ, ವೇಳೆ, ಸ್ಥಳ, ಉಲ್ಲಂಘಿಸಿದ ಕಲಮು ಇವೆಲ್ಲವೂ ಇರಬೇಕು, ಅಪರಾಧ ನಡೆದ ಹದಿನೈದು ದಿನಗಳೊಳಗೆ ಸೂಚನೆಯನ್ನು ಕಳುಹಿಸಬೇಕು ಎಂದು ವಿಧಿಸಲಾಗಿದೆ. ಸಾಧನವಿರುವ ಜಾಗಕ್ಕೆ ಮುಂಚೆ ಎಚ್ಚರಿಕೆಯ ಫಲಕವೂ ಇರತಕ್ಕದ್ದು. ಇವುಗಳಲ್ಲಿ ಯಾವುದಾದರೂ ಕೊರತೆಯಿದ್ದರೆ, ಅಥವಾ ಚಿತ್ರದಲ್ಲಿರುವುದು ನಮ್ಮ ವಾಹನವೇ ಅಲ್ಲದಿದ್ದರೆ, ಹಣ ಕಟ್ಟದೆ ನ್ಯಾಯಾಲಯದಲ್ಲಿ ತಕರಾರು ಹೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ನಮ್ಮ ಹುಡುಗನ ಚೀಟಿಯಲ್ಲಿ ಹಾಗೆ ಬೆರಳಿಡುವ ಕೊರತೆ ಕಾಣಲಿಲ್ಲ.

ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರು ನೂರರ ವೇಗದಲ್ಲಿ ಹೋಗಬಹುದೆಂದು ಹುಡುಗ ಎಲ್ಲಿಯೋ ಓದಿದ್ದನಂತೆ. ಅದು ಅರ್ಧ ಸತ್ಯ. 2018ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಅಧಿಸೂಚನೆಯಂತೆ ಕಾರುಗಳಿಗೆ ವಿಭಜಕವುಳ್ಳ ನಾಲ್ಕು ಪಥದ ರಸ್ತೆಯಲ್ಲಿ 100, ನಗರದ ಎಲ್ಲೆಯೊಳಗೆ 70 ಕಿಲೋಮೀಟರು ಪರಮಾವಧಿ. ದ್ವಿಚಕ್ರ ವಾಹನಗಳಿಗೆ ಅವು ಅನುಕ್ರಮವಾಗಿ 80 ಮತ್ತು 60. ಆದರೆ ಪರಮಾವಧಿಯೆಂದರೆ ಎಲ್ಲೆಡೆಗೂ ಸಿಕ್ಕ ಅನುಮತಿಯಲ್ಲ. ಸ್ಥಳದ ಅಪಾಯವನ್ನು ನೋಡಿ ಅದಕ್ಕಿಂತ ಕಡಿಮೆಯ ಮಿತಿಯನ್ನು ಗೊತ್ತುಪಡಿಸುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಅಲ್ಲಿ ಫಲಕದ ಮಾತೇ ಪ್ರಮಾಣ.

ಇನ್ನು ಭಾವನವರ ಹೊಂಡದ ಮಾತು. ಇದನ್ನು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಅದೇ ಹೆದ್ದಾರಿಯಲ್ಲಿ, ಕೂಳೂರಿನಲ್ಲಿ, 2025ರ ಸೆಪ್ಟೆಂಬರಿನಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಮಹಿಳೆಯೊಬ್ಬರು ಹೊಂಡದಿಂದಾಗಿ ಬಿದ್ದು ಲಾರಿಯಡಿ ಪ್ರಾಣ ಕಳೆದುಕೊಂಡುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. 2019ರ ತಿದ್ದುಪಡಿಯು ಕಾಯಿದೆಗೆ 198ಎ ಎಂಬ ಕಲಮನ್ನು ಸೇರಿಸಿ, ಗೊತ್ತುಪಡಿಸಿದ ಮಾನದಂಡದಂತೆ ರಸ್ತೆಯನ್ನು ನಿರ್ಮಿಸದೆ, ನಿರ್ವಹಿಸದೆ ಸಾವುನೋವಿಗೆ ಕಾರಣರಾದ ಅಧಿಕಾರಿ, ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ಹೇಳಿದೆ. ಒಂದು ಜೀವಕ್ಕೆ ಆ ಮೊತ್ತ ಏನೇನೂ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಹೊಂಡವಿರುವ ರಸ್ತೆಯಲ್ಲಿ, ಆಷಾಢ ಶ್ರಾವಣದ ಮಳೆಯಲ್ಲಿ 81ರ ವೇಗಕ್ಕೆ ಹೊಂಡವೇ ಸಮರ್ಥನೆಯಾಗುವುದು ಹೇಗೆ? ಭಾವನವರಿಗೆ ಹೀಗೆ ಕೇಳಿದಾಗ ಅವರು ಮಾತಾಡದೆ ಪತ್ರಿಕೆಯನ್ನು ಮಡಿಸಿಟ್ಟರು.

ನಾವು ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆವು. ಗಂಟೆಗೆ 60 ಕಿಲೋಮೀಟರೆಂದರೆ ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, ಹೆಚ್ಚು ಕಡಿಮೆ 17 ಮೀಟರು. ಎದುರಿಗೆ ಏನನ್ನೋ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯಿತೆನ್ನಿ. ತೊಯ್ದ ರಸ್ತೆಯಲ್ಲಿ ಗಾಡಿ ನಿಲ್ಲುವಾಗ ಒಟ್ಟು ಸುಮಾರು 44 ಮೀಟರು ಸಾಗಿರುತ್ತದೆ. ಅದೇ ಟೈರು, ಅದೇ ಬ್ರೇಕು, 81ರ ವೇಗವಾದರೆ 73 ಮೀಟರು. ವೇಗ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು, ಆದರೆ ಬ್ರೇಕು ಹಿಡಿದ ಮೇಲಿನ ದೂರ ಬೆಳೆಯುವುದು ವೇಗದ ವರ್ಗಕ್ಕೆ ಅನುಸಾರವಾಗಿ. ಲೆಕ್ಕವನ್ನು ಇನ್ನೂ ಮುಂದುವರಿಸಿದಾಗ ದೊರೆತ ಉತ್ತರವನ್ನು ನಾವು ಎರಡು ಸಲ ತಾಳೆ ನೋಡಿದೆವು. 60ರಲ್ಲಿ ಬಂದ ಕಾರು ಪೂರ್ಣವಾಗಿ ನಿಂತುಬಿಡುವ ಆ 44ನೆಯ ಮೀಟರಿನಲ್ಲಿ, 81ರಲ್ಲಿ ಬಂದ ಕಾರು ಬ್ರೇಕು ಹಿಡಿದಿದ್ದರೂ ಇನ್ನೂ 60ರ ವೇಗದಲ್ಲಿಯೇ ಇರುತ್ತದೆ. ಅಲ್ಲೊಬ್ಬ ಮನುಷ್ಯ ನಿಂತಿದ್ದರೆ ಒಂದು ಕಾರು ಅವನನ್ನು ಮುಟ್ಟುವುದಿಲ್ಲ, ಇನ್ನೊಂದು ಉಳಿಸುವುದಿಲ್ಲ.

ಈ ಲೆಕ್ಕವನ್ನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದವರು ಭಾವನವರ ಅಣ್ಣ, ಹುಡುಗನ ದೊಡ್ಡಪ್ಪ. ಬಂದರಿನಲ್ಲಿ ದುಡಿದು ನಿವೃತ್ತರಾದವರು. 1994ರಲ್ಲಿ ಪಾಳಿ ಮುಗಿಸಿ ಹೆದ್ದಾರಿ ದಾಟುವಾಗ ಲಾರಿ ಬಡಿದು ಬಲಗಾಲು ಮುರಿಯಿತು. ಇಂದಿಗೂ ಎಳೆದು ನಡೆಯುತ್ತಾರೆ. ಮೂವತ್ತು ವರ್ಷ ಆ ವಿಷಯವನ್ನು ಅವರು ಆಡಿದ್ದನ್ನು ನಾವು ಕೇಳಿರಲಿಲ್ಲ. ಅಂದು ಹೇಳಿದರು: "ಲಾರಿ ದೂರ ಇತ್ತು. ನಾ ನೋಡೇ ದಾಟಿದೆ. ದಿನಾ ನೋಡಿದ ಅಂದಾಜಿನ್ಯಾಗ ದಾಟಿದೆ. ಅದು ದಿನದ ಲಾರಿಗಳಂಗ ಬರಲಿಲ್ಲ."

ಹುಡುಗ ತಲೆ ತಗ್ಗಿಸಿದ. ವೇಗವಾಗಿ ಬರುವವನು ತನ್ನ ಲೆಕ್ಕವನ್ನಷ್ಟೇ ತಪ್ಪಿಸಿಕೊಳ್ಳುವುದಿಲ್ಲ, ದಾರಿ ದಾಟುವವನ ಲೆಕ್ಕವನ್ನೂ ತಪ್ಪಿಸುತ್ತಾನೆಂಬುದು ನಮಗೆ ಕಾಯಿದೆಯ ಪುಸ್ತಕಕ್ಕಿಂತ ಆ ಮಾತಿನಿಂದ ಹೆಚ್ಚು ತಿಳಿಯಿತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 71ರಷ್ಟು ಸಾವುಗಳು ಅತಿವೇಗದ ಅಪಘಾತಗಳಲ್ಲಿ ಆದವು.

'ಒಂದು ಸಾವಿರ ತಾನೆ' ಎಂಬ ಮಾತಿಗೆ ಈಗ ಬರೋಣ. 1988ರ ಕಾಯಿದೆಯಲ್ಲಿ ಅತಿವೇಗದ ಮೊದಲ ಅಪರಾಧಕ್ಕೆ ದಂಡ ನಾನೂರು ರೂಪಾಯಿಯವರೆಗೆ, ಮರುಕಳಿಸಿದರೆ ಸಾವಿರದವರೆಗೆ ಇತ್ತು. ಮೂವತ್ತು ವರ್ಷ ಅದು ಬದಲಾಗಲಿಲ್ಲ. ನಾನೂರು ರೂಪಾಯಿಯ ಬೆಲೆ ಮಾತ್ರ ಇಳಿಯುತ್ತ ಬಂದಿತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಕಾರು ಮುಂತಾದ ಲಘು ವಾಹನಗಳಿಗೆ ಒಂದರಿಂದ ಎರಡು ಸಾವಿರ, ಮಧ್ಯಮ ಮತ್ತು ಭಾರೀ ವಾಹನಗಳಿಗೆ ಎರಡರಿಂದ ನಾಲ್ಕು ಸಾವಿರ ರೂಪಾಯಿ. ಆಗ ದಂಡ ಹೆಚ್ಚಾಯಿತೆಂದು ನಾಡಿನಾದ್ಯಂತ ಕೂಗೆದ್ದು, ಅದೇ ತಿಂಗಳಲ್ಲಿಯೇ ನಮ್ಮ ರಾಜ್ಯ ಸರಕಾರ ಹೆಲ್ಮೆಟ್ಟಿನ ದಂಡವನ್ನು ಐದು ನೂರಕ್ಕೆ ಇಳಿಸಿದ್ದು ಮುಂತಾದುವು ವಾಚಕರಿಗೆ ನೆನಪಿರಬಹುದು.

ಆದರೆ ಹಣ ಇದರ ಚಿಕ್ಕ ಭಾಗ. ಎರಡನೆಯ ಸಲ ಸಿಕ್ಕಿಬಿದ್ದರೆ ಪರವಾನಗಿಯನ್ನೇ ವಶಪಡಿಸಿಕೊಳ್ಳಬೇಕೆಂದು ಕಾಯಿದೆ ಹೇಳುತ್ತದೆ. ಮೊದಲ ಸಲವೇ ಅದನ್ನು ತೆಗೆದುಕೊಂಡು, ರಶೀದಿ ಕೊಟ್ಟು, ಸಾರಿಗೆ ಕಚೇರಿಗೆ ಕಳುಹಿಸುವ ಅಧಿಕಾರವೂ ಪೊಲೀಸರಿಗೆ ಇದೆ. ಅಲ್ಲಿ ಮೂರು ತಿಂಗಳು ಅನರ್ಹತೆ, ಮರುತರಬೇತಿ ಇತ್ಯಾದಿ. ಅತಿವೇಗಕ್ಕೆ ಕನಿಷ್ಠ ಮೂರು ತಿಂಗಳು ಪರವಾನಗಿಯನ್ನು ಅಮಾನತಿನಲ್ಲಿಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು. ದಂಡ ಕಟ್ಟಿದೆನೆಂದು ಈ ಕ್ರಮಗಳಿಂದ ಪಾರಾಗಲಾಗದು. ಓಡಿಸುವ ರೀತಿ ಇತರರಿಗೆ ಅಪಾಯಕಾರಿಯೆಂದು ತೋರಿದರೆ ಪ್ರಕರಣ 184ನೆಯ ಕಲಮಿಗೆ ಏರುತ್ತದೆ. ಅಲ್ಲಿ ಸೆರೆವಾಸದ ಮಾತೂ ಇದೆ.

ಭಾವನವರು ಇನ್ನೊಂದು ಉಪಾಯ ಸೂಚಿಸಿದರು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ನೂರಕ್ಕೆ ಐವತ್ತರ ರಿಯಾಯಿತಿ ಕೊಟ್ಟಿದ್ದರು, ಮತ್ತೆ ಕೊಟ್ಟಾರು, ಕಾದು ನೋಡೋಣ ಎಂದು. ಅವರ ಎಣಿಕೆ ಸುಳ್ಳಾಗಲಿಲ್ಲ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅಂತಹುದೇ ರಿಯಾಯಿತಿ ಪುನಃ ಬಂದಿತು. ಕೋಟಿಗಟ್ಟಲೆ ಬಾಕಿ ವಸೂಲಾಗಲು ಸರಕಾರಕ್ಕೆ ಇದೊಂದು ದಾರಿಯಿರಬಹುದು. ಆದರೆ ಅಂಗಡಿಯ ಸೋಡಿ ಮಾರಾಟದಂತೆ ದಂಡಕ್ಕೂ ಹಂಗಾಮು ಬಂದರೆ, ಸಕಾಲದಲ್ಲಿ ಕಟ್ಟಿದವನು ಮೂರ್ಖನೆನಿಸಿಕೊಳ್ಳುತ್ತಾನೆ. ನಮಗಂತೂ ಇದು ಹಿಡಿಸದ ಪದ್ಧತಿ.

ಈಗ ಪತ್ರ ಬರೆದ ಉಪಾಧ್ಯಾಯರಿಗೆ. ಪೂಜ್ಯರೇ, ಸೂಚನೆ ಹೋಗುವುದು ವಾಹನ ಯಾರ ಹೆಸರಿನಲ್ಲಿದೆಯೋ ಅವರಿಗೆ. ಅದು ಅಪರಾಧದ ನಿರ್ಣಯವಲ್ಲ. ಪೊಲೀಸರು ಕೇಳಿದಾಗ ಅಂದು ಓಡಿಸಿದವರು ಯಾರೆಂದು ತಿಳಿಸುವುದು ಮಾಲೀಕರ ಕರ್ತವ್ಯವೆಂದು 133ನೆಯ ಕಲಮು ಹೇಳುತ್ತದೆ. ಆದುದರಿಂದ ಮಗನ ಹೆಸರನ್ನು ಹೇಳುವುದು ಮಗನಿಗೆ ಬಗೆಯುವ ದ್ರೋಹವಲ್ಲ. ನಿಗದಿಯಾದ ಮೊತ್ತವನ್ನು ಕಟ್ಟಿ ಪ್ರಕರಣವನ್ನು ಮುಗಿಸಿಕೊಳ್ಳುವುದಕ್ಕೆ 200ನೆಯ ಕಲಮಿನಲ್ಲಿ ಅವಕಾಶವಿದೆ. ಹಾಗೆ ಮುಗಿದ ಮೇಲೆ ಆ ಅಪರಾಧಕ್ಕಾಗಿ ನ್ಯಾಯಾಲಯದ ವಿಚಾರಣೆಯಿಲ್ಲ. ನೀವು ಅಪರಾಧಿಯೆಂದು ಯಾವ ತೀರ್ಪೂ ಆಗಿಲ್ಲ. ಕಟ್ಟದೆ ಬಿಟ್ಟರೆ ವಿಷಯ ನ್ಯಾಯಾಲಯಕ್ಕೆ ಹೋಗಿ ಸಮನ್ಸು ಬರುವುದು ನಿಮ್ಮ ಮನೆಯ ಬಾಗಿಲಿಗೇ. ಹಣವನ್ನು ಸಂಚಾರ ಠಾಣೆಯಲ್ಲಿಯಾಗಲಿ, ಸರಕಾರದ ಪರಿವಾಹನ ತಾಣದಲ್ಲಿಯಾಗಲಿ ಕಟ್ಟಿ ರಶೀದಿಯನ್ನು ಇಟ್ಟುಕೊಳ್ಳಿರಿ. ಒಂದು ಎಚ್ಚರಿಕೆ: ದಂಡದ ಹೆಸರಿನಲ್ಲಿ ಮೋಸದ ಸಂದೇಶಗಳು ಈಗ ಬಹಳ. 'ಎಪಿಕೆ' ಎಂಬ ಕಡತವನ್ನು ತೆರೆಯಿರೆಂದು ಹೇಳುವ ಸಂದೇಶವನ್ನು ಮುಟ್ಟದಿರಿ. ಸಂದೇಹ ಬಂದರೆ ವಾಹನದ ಸಂಖ್ಯೆಯನ್ನು ಬರೆದುಕೊಂಡು ನೇರವಾಗಿ ಠಾಣೆಗೆ ಹೋಗಿ ವಿಚಾರಿಸಿರಿ. ಠಾಣೆಯ ಮೆಟ್ಟಿಲನ್ನು ವಿಚಾರಿಸಲು ಹತ್ತುವುದರಲ್ಲಿ ಅಗೌರವವಿಲ್ಲ.

ಗಾಡಿ ಮಾರಿದ ಮೇಲೂ ದಂಡ ಬರುತ್ತಿದೆಯೆಂದು ದೂರುವವರೂ ಇದ್ದಾರೆ. ಒಂದೇ ರಾಜ್ಯದೊಳಗೆ ಮಾರಿದಾಗ ಹದಿನಾಲ್ಕು ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವನು ಮಾಡಿಸಿಕೊಳ್ಳುತ್ತಾನೆಂದು ಸಹಿ ಹಾಕಿಕೊಟ್ಟು ಮರೆತವರ ಹೆಸರೇ ದಾಖಲೆಯಲ್ಲಿ ಉಳಿಯುತ್ತದೆ.

ಇನ್ನು ಹದಿನೆಂಟು ತುಂಬದ ಮಕ್ಕಳ ವಿಷಯ. ಇಲ್ಲಿ ಮಾತ್ರ ಕಾಯಿದೆ ತಂದೆತಾಯಿಗಳ ಕೈಯನ್ನೇ ಹಿಡಿಯುತ್ತದೆ. 2019ರಲ್ಲಿ ಸೇರಿಸಿದ 199ಎ ಕಲಮಿನಂತೆ ಬಾಲಕನು ವಾಹನ ಓಡಿಸಿ ಅಪರಾಧ ಮಾಡಿದರೆ ಪಾಲಕ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, ಇಪ್ಪತ್ತೈದು ಸಾವಿರ ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಬಾಲಕನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿಯಿಲ್ಲ. ಟ್ಯೂಷನ್ನಿಗೆ ಹೋಗಲೆಂದು ಹತ್ತನೆಯ ತರಗತಿಯ ಮಗನಿಗೆ ಸ್ಕೂಟರು ಕೊಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ನಮ್ಮನ್ನು ಕೊನೆಗೆ ಕಟ್ಟಿಹಾಕಿದ್ದು 183ನೆಯ ಕಲಮಿನ ಇನ್ನೆರಡು ವಾಕ್ಯಗಳು. ದಂಡ ಓಡಿಸಿದವನಿಗೆ ಮಾತ್ರವಲ್ಲ, ತನ್ನ ನೌಕರನನ್ನೋ ತನ್ನ ಅಧೀನದಲ್ಲಿರುವವನನ್ನೋ ಹಾಗೆ ಓಡಿಸುವಂತೆ ಮಾಡಿದವನಿಗೂ ಇದೆ. ಮತ್ತು ಮಿತಿ ಮೀರದೆ ಮುಗಿಸಲಾಗದ ಪ್ರಯಾಣವನ್ನು ಇಷ್ಟು ಹೊತ್ತಿನೊಳಗೆ ಮುಗಿಸೆಂದು ನಿರ್ದೇಶಿಸಿದ್ದರೆ, ಆ ನಿರ್ದೇಶನವನ್ನೇ ಮೇಲ್ನೋಟದ ಸಾಕ್ಷ್ಯವಾಗಿ ನ್ಯಾಯಾಲಯ ಹಿಡಿಯಬಹುದು. ಬಸ್ಸಿನ ವೇಳಾಪಟ್ಟಿ ಮಾಡುವವರನ್ನೂ ಲಾರಿಯ ಧಣಿಗಳನ್ನೂ ಉದ್ದೇಶಿಸಿ ಬರೆದ ಮಾತು ಇದೆಂಬುದು ಸ್ಪಷ್ಟ. ಆದರೂ ಓದುವಾಗ ಕಾಗದದ ಮೇಲಿದ್ದ ನಮ್ಮ ಲೆಕ್ಕದ ಕೆಳಗೆ ಇನ್ನೊಂದು ಸಾಲು ಬರೆಯದಿರಲಾಗಲಿಲ್ಲ. ಪಣಂಬೂರಿನಿಂದ ಸುರತ್ಕಲ್ಲಿಗೆ ಸುಮಾರು ಆರು ಕಿಲೋಮೀಟರು, ಹೋಗಿ ಬರಲು ಹನ್ನೆರಡು. ಹತ್ತು ಮಿನಿಟಿನಲ್ಲಿ ಬರಬೇಕಾದರೆ ಎಲ್ಲಿಯೂ ನಿಲ್ಲದೆ ಸರಾಸರಿ 72ರ ವೇಗ ಬೇಕು. ಮರದಿಂದ ಪತ್ರೆ ಬಿಡಿಸುವ ಹೊತ್ತನ್ನು ಅದರಲ್ಲಿ ಹಿಡಿದಿಲ್ಲ.

ಕಾಗದವನ್ನು ಹುಡುಗನಿಗೆ ತೋರಿಸಿದೆವು. ಅವನು ನೋಡಿ, "ನಾ ಅವತ್ತೇ ಅನ್ನಬೇಕಂತಿದ್ದೆ ಮಾಮಾ, ಹಿರಿಯರು ಅಂತ ಸುಮ್ಮನಾದೆ" ಎಂದ.

ಸೋಮವಾರ ಪೂಜೆ ಮುಗಿದ ಮೇಲೆ ಅವನೊಡನೆ ಸಂಚಾರ ಠಾಣೆಗೆ ನಾವೂ ಹೋದೆವು. ಭಾವನವರು ಹಣ ಕೊಡಲು ಬಂದರೆ ಅವನು ತೆಗೆದುಕೊಳ್ಳಲಿಲ್ಲ. ತನ್ನ ಖರ್ಚಿಗೆಂದು ಕೂಡಿಟ್ಟಿದ್ದರಲ್ಲಿ ಐದು ನೂರು ಕೊಟ್ಟ, ಉಳಿದ ಐದು ನೂರನ್ನು ನಮ್ಮಿಂದ ಕೇಳಿ ಪಡೆದ. ಓಡಿಸಿದವರು ಯಾರೆಂದು ಅಲ್ಲಿದ್ದವರು ಕೇಳುವ ಮೊದಲೇ, "ನಾನ್ರೀ" ಎಂದ. ರಶೀದಿ ಬಂದಿತು. ಅಂದಿನ ಪೂಜೆಯ ಬಿಲ್ವಪತ್ರೆಯನ್ನು ಅವನು ಭಾನುವಾರ ಸಂಜೆಯೇ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲೆ ಇಟ್ಟಿದ್ದನು.